ಪಿಕಪ್ ಗಾಡಿಯ ಕಮಾನು ಪಟ್ಟಿಗಳನ್ನೂ ಷಾಕ್ ಅಬ್ಸಾರ್ಬರುಗಳನ್ನೂ ಬಲಪಡಿಸುವ ಕ್ರಮ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಮಾರ್ಗದಲ್ಲಿ, ತುಂಗಾ ನದಿಯ ಅಣೆಕಟ್ಟಿನ ಮಗ್ಗುಲಲ್ಲಿ ಗಾಜನೂರು ಗ್ರಾಮವಿದೆ. ಒಂದು ಕಡೆ ನಾಲೆಯ ನೀರಿನ ಭತ್ತದ ಗದ್ದೆಗಳು, ಮತ್ತೊಂದು ಕಡೆ ಮಲೆನಾಡಿನ ಅಡಕೆ ತೋಟಗಳು. ಇವೆರಡಕ್ಕೂ ನಡುವಣ ಪ್ರದೇಶವಿದು. ಈ ಸುತ್ತಿನಲ್ಲಿ ಅಡಕೆ, ಭತ್ತ, ಬಾಳೆ, ಶುಂಠಿ ಮುಂತಾದ ಫಸಲುಗಳನ್ನು ಶಿವಮೊಗ್ಗದ ಮಾರುಕಟ್ಟೆಗೆ ಸಾಗಿಸುವುದಕ್ಕೂ, ಅಲ್ಲಿಂದ ಗೊಬ್ಬರ, ಸುಣ್ಣ, ಸಿಮೆಂಟು ಮುಂತಾದುವನ್ನು ತರುವುದಕ್ಕೂ ಪೂರ್ವದಲ್ಲಿ ಎತ್ತಿನ ಗಾಡಿಗಳೇ ಆಧಾರವಾಗಿದ್ದುವು. ಈಗ ಆ ಕೆಲಸದ ಬಹುಭಾಗವನ್ನು ಪಿಕಪ್ ಗಾಡಿಗಳು ವಹಿಸಿಕೊಂಡಿವೆ.

ಎತ್ತಿನ ಗಾಡಿಗೆ ಕಮಾನು ಇರಲಿಲ್ಲ. ಗಂಟೆಗೆ ಎರಡು ಮೂರು ಮೈಲಿ ನಡೆಯುವ ವಾಹನಕ್ಕೆ ಅದರ ಅಗತ್ಯವೂ ಹೆಚ್ಚಾಗಿರಲಿಲ್ಲ. ಮೋಟಾರು ಗಾಡಿಯ ಸಂಗತಿ ಬೇರೆ. ಅದು ಹೆದ್ದಾರಿಯಲ್ಲಿ ವೇಗವಾಗಿ ಓಡಬೇಕು. ಅದೇ ದಿನ ನಾಲೆಯ ಏರಿಯ ಮೇಲೂ, ತೋಟದ ಕೊರಕಲು ದಾರಿಯಲ್ಲಿಯೂ ಹೊರೆ ಹೊತ್ತು ನಡೆಯಬೇಕು. ಈ ಎರಡು ವಿಧದ ದಾರಿಗಳಲ್ಲಿಯೂ ಚಕ್ರವು ನೆಲವನ್ನು ಬಿಡದಂತೆ ಹಿಡಿದಿಡುವ ಕೆಲಸ ಕಮಾನುಗಳದೂ ಷಾಕ್ ಅಬ್ಸಾರ್ಬರುಗಳದೂ ಆಗಿದೆ. ಅವು ಕೆಟ್ಟರೆ ಟಯರು ಸವೆಯುವುದು, ಹಣ್ಣು ಜಜ್ಜಿಹೋಗುವುದು ಮೊದಲಾದ ಸಣ್ಣ ನಷ್ಟಗಳಿಂದ ಹಿಡಿದು, ಬ್ರೇಕು ಹಿಡಿಯದೆ ಗಾಡಿ ಮಗುಚುವವರೆಗೆ ಅನರ್ಥಗಳು ಸಂಭವಿಸುವುವು. ಆದಕಾರಣ ಸ್ವಂತ ಪಿಕಪ್ ಇಟ್ಟುಕೊಂಡಿರುವ ಜಮೀನುದಾರರೂ, ಅವರಿಗೆ ಬುದ್ಧಿ ಹೇಳತಕ್ಕ ಗ್ರಾಮದ ಮುಖಂಡರೂ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಉಚಿತ.

ಭಾಗಗಳು ಮತ್ತು ಅವುಗಳ ಕೆಲಸ

ಪಿಕಪ್ ಗಾಡಿಗಳ ಹಿಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಪಟ್ಟಿ ಕಮಾನು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಒಂದು ಬೋಲ್ಟಿನಿಂದ ಬಿಗಿದು, ಯು-ಬೋಲ್ಟುಗಳಿಂದ ಆಕ್ಸಲಿಗೆ ಕಟ್ಟಿರುತ್ತಾರೆ. ಉದ್ದನೆಯ ತಾಯಿಪಟ್ಟಿಯ ಒಂದು ತುದಿ ಛಾಸಿಗೆ ನೇರವಾಗಿ ಸೇರಿರುತ್ತದೆ. ಮತ್ತೊಂದು ತುದಿ ಶ್ಯಾಕಲ್ ಎಂಬ ತೂಗುವ ಕೊಂಡಿಯ ಮೂಲಕ ಸೇರಿರುತ್ತದೆ. ಹೊರೆ ಬಿದ್ದಾಗ ಪಟ್ಟಿ ಚಪ್ಪಟೆಯಾಗಿ ಉದ್ದವಾಗುವುದರಿಂದ ಈ ತೂಗುಕೊಂಡಿ ಅವಶ್ಯಕ. ಮುಂಭಾಗದಲ್ಲಿ ಕೆಲವು ಗಾಡಿಗಳಿಗೆ ಪಟ್ಟಿ ಕಮಾನು, ಕೆಲವಕ್ಕೆ ಸುರುಳಿ ಸ್ಪ್ರಿಂಗು, ಇನ್ನು ಕೆಲವಕ್ಕೆ ತಿರುಚಿಕೊಳ್ಳುವ ಉಕ್ಕಿನ ಸರಳು ಇರುವುದುಂಟು.

ಹೊರೆಯನ್ನು ಹೊರುವುದು ಕಮಾನು. ಷಾಕ್ ಅಬ್ಸಾರ್ಬರು ಹೊರೆಯನ್ನು ಹೊರುವುದಿಲ್ಲ. ಇದು ಮುಖ್ಯವಾಗಿ ನೆನಪಿನಲ್ಲಿಡತಕ್ಕ ಅಂಶ. ಚಕ್ರವು ಗುಂಡಿಗೆ ಬಿದ್ದು ಎದ್ದಾಗ ಕಮಾನು ಆ ಪೆಟ್ಟನ್ನು ತನ್ನಲ್ಲಿ ತುಂಬಿಕೊಂಡು, ಮರುಕ್ಷಣವೇ ಹಿಂದಕ್ಕೆ ಎಸೆಯುತ್ತದೆ. ಅದನ್ನು ತಡೆಯುವವರಿಲ್ಲದಿದ್ದರೆ ಗಾಡಿ ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಲೇ ಇರುವುದು. ಷಾಕ್ ಅಬ್ಸಾರ್ಬರೆಂದರೆ ಎಣ್ಣೆ ತುಂಬಿದ ಕೊಳವೆ. ಅದರೊಳಗೆ ಸಣ್ಣ ರಂಧ್ರಗಳೂ ವಾಲ್ವುಗಳೂ ಇರುವ ಪಿಸ್ಟನ್ನು ಚಲಿಸುತ್ತದೆ. ಎಣ್ಣೆಯು ಆ ಕಿರಿದಾದ ದಾರಿಯಲ್ಲಿ ನುಗ್ಗುವಾಗ ಪೆಟ್ಟಿನ ಶಕ್ತಿಯು ಶಾಖವಾಗಿ ಮಾರ್ಪಟ್ಟು ಗಾಳಿಯಲ್ಲಿ ಸೇರಿಹೋಗುತ್ತದೆ. ಕೆಟ್ಟ ದಾರಿಯಲ್ಲಿ ಬಹು ದೂರ ಬಂದ ಗಾಡಿಯ ಷಾಕ್ ಅಬ್ಸಾರ್ಬರು ಮುಟ್ಟಿದರೆ ಬಿಸಿಯಾಗಿರುವುದು ಇದರಿಂದಲೇ. ಪಿಸ್ಟನ್ನು ಚಲಿಸುತ್ತಿರುವಾಗ ಮಾತ್ರ ಇದು ಅಡ್ಡಿಪಡಿಸುವುದು. ನಿಂತ ಗಾಡಿಯನ್ನು ಎತ್ತಿ ಹಿಡಿಯಲಾರದು. ಆದ್ದರಿಂದ ಹಿಂಭಾಗ ಕುಸಿದಿರುವ ಗಾಡಿಗೆ ಹೊಸ ಷಾಕ್ ಅಬ್ಸಾರ್ಬರು ಹಾಕಿಸಿ, ಗಾಡಿ ಮೇಲೇಳಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಗಾಡಿ ಕುಣಿಯುತ್ತದೆಂದು ಪಟ್ಟಿ ಸೇರಿಸುವುದೂ ತಪ್ಪು ಚಿಕಿತ್ಸೆ.

ಮೊದಲು ಹೊರೆಯ ಲೆಕ್ಕ

ಗಾಡಿಯನ್ನು ಬಲಪಡಿಸಬೇಕೆಂಬ ಆಲೋಚನೆ ಬಂದೊಡನೆ ಮೊದಲು ಮಾಡತಕ್ಕ ಕೆಲಸ ನೋಂದಣಿ ಪತ್ರವನ್ನು ತೆಗೆದು ನೋಡುವುದು. ಅದರಲ್ಲಿ ಬರಿಯ ಗಾಡಿಯ ತೂಕವೂ, ಹೊರೆ ಸಮೇತ ಇರಬಹುದಾದ ಒಟ್ಟು ತೂಕವೂ ನಮೂದಾಗಿರುತ್ತವೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದೇ ಗಾಡಿ ಹೊರಬಹುದಾದ ಹೊರೆ. ಚಾಲಕನ ಮತ್ತು ಸಹಾಯಕನ ತೂಕ ಬರಿಯ ಗಾಡಿಯ ತೂಕದಲ್ಲಿ ಸೇರಿರುವುದಿಲ್ಲವಾದ್ದರಿಂದ ಅದನ್ನೂ ಹೊರೆಯಲ್ಲಿಯೇ ಎಣಿಸತಕ್ಕದ್ದು.

ಉದಾಹರಣೆಗೆ, ಒಂದು ಗಾಡಿಯ ಒಟ್ಟು ತೂಕ 2,900 ಕಿಲೋ, ಬರಿಯ ತೂಕ 1,700 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 1,200 ಕಿಲೋ. ಚಾಲಕನೂ ಇಬ್ಬರು ಆಳುಗಳೂ ಒಳಗೆ ಕುಳಿತರೆ ಸುಮಾರು 180 ಕಿಲೋ ಕಳೆದು 1,020 ಕಿಲೋ ಮಾತ್ರ ಸಾಮಾನಿಗೆ ದೊರೆಯುವುದು. 50 ಕಿಲೋ ಚೀಲಗಳಾದರೆ ಇಪ್ಪತ್ತಕ್ಕೆ ಇದು ಮುಗಿಯಿತು. ಇಪ್ಪತ್ತೈದೋ ಮೂವತ್ತೋ ಚೀಲ ಹಿಡಿಸುವಷ್ಟು ಜಾಗ ತೊಟ್ಟಿಯಲ್ಲಿ ಇರುವುದೇನೋ ನಿಜ. ಆದರೆ ಜಾಗವಿದೆಯೆಂಬುದು ಬಲವಿದೆಯೆಂಬುದಕ್ಕೆ ಪ್ರಮಾಣವಲ್ಲ.

ಅಡಕೆ ಬೆಳೆಗಾರರಿಗೆ ಮತ್ತೊಂದು ಉದಾಹರಣೆ ಹೆಚ್ಚು ಪ್ರಯೋಜನಕರ. ಕೊಳೆರೋಗದ ನಿವಾರಣೆಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು, ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾ|| ಲೆಸ್ಲಿ ಕೋಲ್ಮನ್ನರು ಆ ರೋಗವನ್ನು ಅಭ್ಯಾಸಮಾಡಿ 1910ರಲ್ಲಿ ವರದಿ ಪ್ರಕಟಿಸಿದ ಕಾಲದಿಂದ ಈ ಸೀಮೆಗೆ ಪರಿಚಿತವಾಗಿದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ದ್ರಾವಣವನ್ನು 500 ಲೀಟರಿನ ಎರಡು ಪೀಪಾಯಿಗಳಲ್ಲಿ ತುಂಬಿ ಪಿಕಪ್ಪಿನಲ್ಲಿ ತೋಟಕ್ಕೆ ಒಯ್ದರೆ ನೀರಿನ ತೂಕವೇ 1,000 ಕಿಲೋ. ಪೀಪಾಯಿ, ಪಂಪು, ರಬ್ಬರು ಕೊಳವೆ, ಸಿಂಪಡಿಸುವ ಆಳುಗಳು ಸೇರಿದರೆ ಮೇಲೆ ಹೇಳಿದ ಗಾಡಿಯ ಮಿತಿ ದಾಟಿತು. ಅದಲ್ಲದೆ ಅರ್ಧ ತುಂಬಿದ ಪೀಪಾಯಿಯ ನೀರು ತಿರುವಿನಲ್ಲಿ ಒಂದು ಪಕ್ಕಕ್ಕೆ ಜರುಗಿ ಗಾಡಿಯನ್ನು ಅದೇ ಪಕ್ಕಕ್ಕೆ ಎಳೆಯುವುದು. ನೀರನ್ನು ತೋಟದ ಬಾವಿ ಅಥವಾ ಹೊಂಡದಿಂದ ತೆಗೆದುಕೊಂಡು ದ್ರಾವಣವನ್ನು ಅಲ್ಲಿಯೇ ತಯಾರಿಸಿದರೆ ಈ ಹೊರೆಯೇ ಇಲ್ಲ. ಹೀಗೆ ಅನೇಕ ಸಂದರ್ಭಗಳಲ್ಲಿ ಗಾಡಿಯನ್ನು ಬಲಪಡಿಸುವುದಕ್ಕಿಂತ ಹೊರೆಯನ್ನು ತಗ್ಗಿಸುವುದೇ ಸುಲಭವಾದ ಮತ್ತು ಅಗ್ಗವಾದ ಉಪಾಯ.

ದೋಷವನ್ನು ಕಂಡುಹಿಡಿಯುವ ಬಗೆ

ಗಾಡಿಯನ್ನು ಖಾಲಿಯಾಗಿ ಸಮನೆಲದ ಮೇಲೆ ನಿಲ್ಲಿಸಿ, ಟಯರುಗಳ ಗಾಳಿಯನ್ನು ಸರಿಪಡಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಅಂಚಿಗೆ ಇರುವ ಎತ್ತರವನ್ನು ಅಳೆಯಬೇಕು. ಎಡಬಲಗಳ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ತಗ್ಗಿರುವ ಕಡೆಯ ಕಮಾನು ಬಳಲಿದೆ, ಅಥವಾ ಅದರಲ್ಲಿ ಪಟ್ಟಿ ಮುರಿದಿದೆ. ಮುರಿದ ಪಟ್ಟಿಯನ್ನು ಮಣ್ಣು ಮುಚ್ಚಿರುವುದುಂಟಾದ್ದರಿಂದ ತೊಳೆದು ನೋಡತಕ್ಕದ್ದು. ಬಿರುಕುಗಳು ಹೆಚ್ಚಾಗಿ ನಡುಬೋಲ್ಟಿನ ರಂಧ್ರದ ಬಳಿಯೂ, ಯು-ಬೋಲ್ಟುಗಳ ಅಂಚಿನಲ್ಲಿಯೂ ಹುಟ್ಟುವುವು. ಪಟ್ಟಿಗಳ ಸಂದಿನಿಂದ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಆ ಸ್ಥಳವನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಷಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಬಹುದು. ಗಾಡಿಯ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ನೆಲೆಗೆ ನಿಲ್ಲಬೇಕು. ಮತ್ತೆ ಮತ್ತೆ ಆಡಿದರೆ ಷಾಕ್ ಅಬ್ಸಾರ್ಬರು ಸೋತಿದೆ. ಆದರೆ ಪಟ್ಟಿ ಕಮಾನಿನಲ್ಲಿ ಪಟ್ಟಿಗಳ ಪರಸ್ಪರ ತಿಕ್ಕಾಟವೇ ಸ್ವಲ್ಪ ಮಟ್ಟಿಗೆ ಕುಣಿತವನ್ನು ತಡೆಯುವುದರಿಂದ ಈ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ. ಟಯರಿನ ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನಂತೆ ಸವೆದ ಗುರುತುಗಳು, ಉಬ್ಬುತಗ್ಗಿನಲ್ಲಿ ಬ್ರೇಕು ಒತ್ತಿದಾಗ ಹಿಂಚಕ್ರ ಪುಟಿಯುವುದು, ತಿರುವಿನಲ್ಲಿ ಗಾಡಿ ತಡವಾಗಿ ನೆಟ್ಟಗಾಗುವುದು, ಇವು ಹೆಚ್ಚು ನಿಶ್ಚಿತವಾದ ಲಕ್ಷಣಗಳು. ಕಣ್ಣಿನ ಬುಷ್ಷುಗಳು ಸವೆದಿದ್ದರೆ ಕಟಕಟ ಸದ್ದಾಗುವುದಲ್ಲದೆ ಆಕ್ಸಲು ಓರೆಯಾಗಿ, ಗಾಡಿ ಒಂದು ಪಕ್ಕಕ್ಕೆ ಎಳೆಯುವುದು.

ಬಲಪಡಿಸುವ ಮಾರ್ಗಗಳು

ಈ ಕೆಳಗೆ ಹೇಳುವ ಮಾರ್ಗಗಳನ್ನು ಅದೇ ಅನುಕ್ರಮದಲ್ಲಿ ಅನುಸರಿಸತಕ್ಕದ್ದು. ಬಹುತೇಕ ಗಾಡಿಗಳು ಮೊದಲನೆಯ ಅಥವಾ ಎರಡನೆಯ ಹಂತದಲ್ಲಿಯೇ ಸರಿಹೋಗುವುವು.

1. ಮೂಲಸ್ಥಿತಿಗೆ ತರುವುದು.— ಸವೆದ ಬುಷ್ಷು, ಶ್ಯಾಕಲ್ ಪಿನ್ನು, ಮುರಿದ ಪಟ್ಟಿ, ಹರಿದ ರಬ್ಬರು ತಡೆ, ಇವನ್ನು ಬದಲಾಯಿಸುವುದು. ರಬ್ಬರು ಬುಷ್ಷುಗಳ ಬೋಲ್ಟನ್ನು ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಬಿಗಿಯಬೇಕು. ಜಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ಗಾಡಿ ಇಳಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುವುದು. ಯು-ಬೋಲ್ಟುಗಳನ್ನು ತಯಾರಕರು ಹೇಳಿದ ಅಳತೆಗೆ ಬಿಗಿದು, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ಯು-ಬೋಲ್ಟು ಸಡಿಲವಾದರೆ ನಡುಬೋಲ್ಟು ತುಂಡಾಗಿ ಆಕ್ಸಲು ಹಿಂದುಮುಂದಕ್ಕೆ ಸರಿಯುವುದು.

2. ಒಳ್ಳೆಯ ಷಾಕ್ ಅಬ್ಸಾರ್ಬರು.— ಇವನ್ನು ಯಾವಾಗಲೂ ಎಡಬಲ ಜೋಡಿಯಾಗಿಯೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಗಾಡಿಯು ಬ್ರೇಕಿನಲ್ಲಿಯೂ ತಿರುವಿನಲ್ಲಿಯೂ ಸಮವಾಗಿ ವರ್ತಿಸದು. ಕೆಟ್ಟ ದಾರಿಯಲ್ಲಿ ಹೆಚ್ಚು ಓಡಾಡುವ ಗಾಡಿಗಳಿಗೆ ನೈಟ್ರೋಜನ್ ಅನಿಲದ ಒತ್ತಡವಿರುವ ಬಗೆ ಮೇಲು. ಏಕೆಂದರೆ ಎಡೆಬಿಡದ ಕುಲುಕಾಟದಲ್ಲಿ ಸಾಧಾರಣ ಷಾಕ್ ಅಬ್ಸಾರ್ಬರಿನ ಎಣ್ಣೆ ನೊರೆಯೆದ್ದು ಹಿಡಿತ ತಪ್ಪುವುದು, ಅನಿಲದ ಒತ್ತಡವು ಆ ನೊರೆಯನ್ನು ಅಡಗಿಸುವುದು. ಉದ್ದವು ಮೂಲದಷ್ಟೇ ಇರತಕ್ಕದ್ದು. ಗಿಡ್ಡವಾದರೆ ಚಕ್ರ ಗುಂಡಿಗಿಳಿದಾಗ ಎಳೆದು ಕೀಳುವುದು. ಉದ್ದವಾದರೆ ಹೊರೆ ಬಿದ್ದಾಗ ತಳ ಮುಟ್ಟಿ ಒಡೆಯುವುದು.

3. ಸಹಾಯಕ ಕಮಾನು.— ಮುಖ್ಯ ಕಟ್ಟಿನೊಡನೆ ಒಂದೆರಡು ಪಟ್ಟಿಗಳನ್ನು ಅಂತರವಿಟ್ಟು ಜೋಡಿಸಿ, ಹೊರೆ ಹೆಚ್ಚಾದಾಗ ಮಾತ್ರ ಅವು ಕೆಲಸಕ್ಕೆ ಬರುವಂತೆ ಮಾಡುವುದು ಈ ವಿಧಾನ. ಖಾಲಿ ಗಾಡಿ ಮೃದುವಾಗಿ ನಡೆಯುವುದು; ಹೊರೆ ಬಿದ್ದಾಗ ಕುಸಿಯದು. ಹಲವು ಗಾಡಿಗಳಿಗೆ ತಯಾರಕರೇ ಇದನ್ನು ಕೊಟ್ಟಿರುತ್ತಾರೆ. ಗಾಡಿಯ ಅದೇ ಮಾದರಿಗೆ ತಯಾರಕರು ಒಪ್ಪಿದ ಜೋಡಣೆಯಿದ್ದರೆ ಮಾತ್ರ ಇದನ್ನು ಹಾಕಿಸಬೇಕು.

4. ಪಟ್ಟಿ ಸೇರಿಸುವುದು ಅಥವಾ ದಪ್ಪ ಪಟ್ಟಿ ಹಾಕುವುದು.— ಗ್ಯಾರೇಜಿನಲ್ಲಿ ಹೆಚ್ಚಾಗಿ ಸಲಹೆ ಮಾಡುವುದು ಇದನ್ನೇ. ಆದರೆ ಇದರ ಲೆಕ್ಕ ಹಲವರಿಗೆ ತಿಳಿದಿರುವುದಿಲ್ಲ. ಒಂದೇ ದಪ್ಪದ ಐದು ಪಟ್ಟಿಗಳ ಕಮಾನಿಗೆ ಆರನೆಯದನ್ನು ಸೇರಿಸಿದರೆ ಬಿಗುವು ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚುವುದು. ದಪ್ಪವನ್ನು ಹೆಚ್ಚಿಸಿದರೆ ಪರಿಣಾಮ ಇನ್ನೂ ತೀವ್ರ. ಏಕೆಂದರೆ ಬಿಗುವು ದಪ್ಪದ ಘನದಂತೆ ಏರುತ್ತದೆ. 7 ಮಿಲಿಮೀಟರಿನ ಪಟ್ಟಿಗೆ ಬದಲು 8 ಮಿಲಿಮೀಟರಿನದನ್ನು ಹಾಕಿದರೆ ಏರಿದ್ದು ಒಂದೇ ಮಿಲಿಮೀಟರು. ಆ ಪಟ್ಟಿಯ ಬಿಗುವಾದರೋ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಹೀಗೆ ಬಿಗಿಯಾದ ಗಾಡಿ ಖಾಲಿಯಾಗಿ ಮರಳುವಾಗ ಹಿಂಚಕ್ರಗಳು ಪ್ರತಿ ಗುಂಡಿಗೂ ನೆಲ ಬಿಟ್ಟು ಹಾರುವುವು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಇದ್ದೂ ಇಲ್ಲದಂತೆ. ಬಾಳೆಗೊನೆ, ಟೊಮ್ಯಾಟೊ ಮೊದಲಾದ ಮೃದು ಪದಾರ್ಥಗಳನ್ನು ಅರ್ಧ ಹೊರೆಯಾಗಿ ಒಯ್ಯುವವರಿಗೆ ಇದರಿಂದ ಲಾಭಕ್ಕಿಂತ ನಷ್ಟವೇ ಅಧಿಕ.

ಹಳೆಯ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮತ್ತೆ ಬಿಲ್ಲು ಎತ್ತುವುದುಂಟು. ಕಮಾನಿನ ಉಕ್ಕಿಗೆ ಬಲ ಬಂದಿರುವುದು ಅದನ್ನು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಗೊತ್ತಾದ ಶಾಖಕ್ಕೆ ತಂದು ಹದಗೊಳಿಸಿದ್ದರಿಂದ. ಶಾಖದಿಂದ ಕಬ್ಬಿಣದ ಗುಣವು ಹೇಗೆ ಮಾರ್ಪಡುವುದೆಂಬುದು 1923ರಿಂದ ಕಬ್ಬಿಣದ ಕಾರ್ಖಾನೆಯನ್ನು ಕಂಡಿರುವ ಭದ್ರಾವತಿಯ ಸೀಮೆಯವರಿಗೆ ಹೊಸತಲ್ಲ. ಅಳತೆಯಿಲ್ಲದೆ ಕಾಯಿಸಿದ ಪಟ್ಟಿ ಹದ ಕಳೆದುಕೊಂಡು ಮತ್ತೆ ಕುಸಿಯುವುದು, ಇಲ್ಲವೆ ಪೆಡಸಾಗಿ ಮುರಿಯುವುದು. ಬಿರುಕು ಬಿಟ್ಟ ಪಟ್ಟಿಗೆ ಬೆಸುಗೆ ಹಾಕಿಸುವುದಂತೂ ಎಂದಿಗೂ ಕೂಡದು.

ಬ್ರೇಕಿನ ವಾಲ್ವನ್ನು ಮರೆಯಬಾರದು

ಕಮಾನನ್ನು ಬದಲಾಯಿಸುವಾಗ ಹೆಚ್ಚಾಗಿ ಅಲಕ್ಷಿಸಲ್ಪಡುವ, ಆದರೆ ಪ್ರಾಣಕ್ಕೆ ಸಂಬಂಧಿಸಿದ ಒಂದು ಭಾಗವುಂಟು. ಅನೇಕ ಪಿಕಪ್ ಗಾಡಿಗಳಲ್ಲಿ ಛಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗಿನ ಮೂಲಕ ಕೆಲಸಮಾಡುವ ವಾಲ್ವು ಇರುತ್ತದೆ. ಹೊರೆ ಹೆಚ್ಚಾಗಿ ಛಾಸಿಯು ಆಕ್ಸಲಿನ ಹತ್ತಿರಕ್ಕೆ ಇಳಿದಂತೆ ಇದು ಹಿಂಚಕ್ರಗಳ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಖಾಲಿಯಾಗಿ ಮೇಲೆದ್ದಾಗ ಹಿಂಚಕ್ರ ಕಚ್ಚಿಕೊಂಡು ಜಾರದಿರಲೆಂದು ಒತ್ತಡವನ್ನು ತಗ್ಗಿಸುತ್ತದೆ. ದಪ್ಪ ಪಟ್ಟಿ ಹಾಕಿ ಹಿಂಭಾಗವನ್ನು ಎತ್ತರಿಸಿದರೆ ಪೂರ್ಣ ಹೊರೆಯಿದ್ದರೂ ಛಾಸಿ ಇಳಿಯುವುದಿಲ್ಲ. ವಾಲ್ವಿನ ಪಾಲಿಗೆ ಗಾಡಿ ಖಾಲಿಯೇ. ಆಗ ಹೊರೆ ಹೊತ್ತ ಗಾಡಿಗೆ ಖಾಲಿ ಗಾಡಿಯ ಹಿಂಬ್ರೇಕು ಮಾತ್ರ ದೊರೆಯುವುದು. ಆಗುಂಬೆಯಂತಹ ಘಾಟಿಯ ಇಳಿಜಾರಿನಲ್ಲಿ ಮುಂದಿನ ಬ್ರೇಕುಗಳೇ ಎಲ್ಲವನ್ನೂ ಹೊತ್ತು, ಕಾದು, ಹಿಡಿತ ತಪ್ಪುವುದಕ್ಕೆ ಇಂತಹ ಒಂದು ಕಾರಣ ಸಾಕು. ಆದ್ದರಿಂದ ಕಮಾನಿನ ಯಾವ ಬದಲಾವಣೆಯ ನಂತರವೂ ಈ ವಾಲ್ವನ್ನು ತಯಾರಕರ ಅಳತೆಗೆ ತಕ್ಕಂತೆ ಮತ್ತೆ ಹೊಂದಿಸಬೇಕು. ಮುಂದೀಪಗಳ ಬೆಳಕಿನ ಎತ್ತರವನ್ನೂ ಸರಿಪಡಿಸಬೇಕು.

ಕಮಾನು ಬಲವಾದರೆ ಗಾಡಿಯೂ ಬಲವಾಯಿತೆಂದು ಭಾವಿಸುವುದೇ ಎಲ್ಲ ಅನರ್ಥಗಳ ಮೂಲ. ಆಕ್ಸಲು, ಬೇರಿಂಗು, ಚಕ್ರದ ಬೋಲ್ಟು, ಟಯರು, ಬ್ರೇಕು, ಛಾಸಿ, ಇವೆಲ್ಲ ಮೊದಲಿನ ಹೊರೆಗೇ ತಯಾರಾದವು. ಕುಸಿಯುವ ಕಮಾನು ಹೊರೆ ಹೆಚ್ಚಾಯಿತೆಂದು ಮಾಲೀಕನಿಗೆ ಕೊಡುವ ಎಚ್ಚರಿಕೆ. ದಪ್ಪ ಪಟ್ಟಿ ಹಾಕಿದರೆ ಆ ಎಚ್ಚರಿಕೆ ಮಾತ್ರ ಅಡಗುವುದು, ಅಪಾಯ ಅಡಗದು.

ಕಾನೂನಿನ ವಿಷಯ

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯು, ಕಾಯಿದೆ ಒಪ್ಪದ ಮಾರ್ಪಾಟು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ಮಿತಿ ಮೀರಿದ ಹೊರೆಗೆ 20,000 ರೂಪಾಯಿಯೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯೂ ದಂಡವೆಂದು ಅದರಲ್ಲಿಯೇ ಹೇಳಿದೆ. ಮೂಲದ ಅಳತೆಯ ಹೊಸ ಭಾಗಗಳನ್ನು ಹಾಕಿಸುವುದು ದುರಸ್ತಿಯೇ ಹೊರತು ಮಾರ್ಪಾಟಲ್ಲ.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ಅಂಶ ಮತ್ತೊಂದುಂಟು. ಕೊಯಿಲಿನ ಕಾಲದಲ್ಲಿ ಚೀಲಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವುದು ಹಲವು ಕಡೆ ರೂಢಿಯಾಗಿದೆ. ಎತ್ತರದಲ್ಲಿ ಕುಳಿತ ಜನರಿಂದ ಗಾಡಿಯ ಭಾರಕೇಂದ್ರ ಮೇಲೇರಿ, ಷಾಕ್ ಅಬ್ಸಾರ್ಬರು ಸೋತ ಗಾಡಿ ತಿರುವಿನಲ್ಲಿ ಸುಲಭವಾಗಿ ಮಗುಚುವುದು. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಕಡ್ಡಾಯದ ಹೊಣೆ ವಿಮಾ ಕಂಪೆನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಮಾನಿಸಿದೆ. ಅಂದರೆ ಆ ಹೊಣೆ ಗಾಡಿಯ ಮಾಲೀಕನ ಜಮೀನಿನ ಮೇಲೆ ಬೀಳಬಹುದು. ದುಡಿಯುವ ಕೈಯನ್ನು ಕಳೆದುಕೊಂಡ ಕೂಲಿಯ ಸಂಸಾರಕ್ಕಾದರೋ ಯಾವ ಪರಿಹಾರವೂ ಸಾಲದು. ಆಳುಗಳನ್ನು ಬೇರೆ ವಾಹನದಲ್ಲಿ ಕಳುಹಿಸುವ ಖರ್ಚು ಇದರ ಮುಂದೆ ಅತ್ಯಲ್ಪ.

ಸಂರಕ್ಷಣೆ

ಮಲೆನಾಡಿನ ಮಳೆಯೂ ಕೃಷಿ ಪದಾರ್ಥಗಳೂ ಕಮಾನಿಗೆ ಶತ್ರುಗಳು. ಮೈಲುತುತ್ತದ ನೀರು ಕಬ್ಬಿಣದ ಮೇಲೆ ಬಿದ್ದರೆ ತಾಮ್ರವು ಕಬ್ಬಿಣದ ಮೈಗೆ ಅಂಟಿಕೊಂಡು, ಅಷ್ಟು ಕಬ್ಬಿಣ ಕರಗಿಹೋಗುವುದು. ದ್ರಾವಣಕ್ಕೆ ತಾಮ್ರದ ಪಾತ್ರೆಯನ್ನೋ ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯನ್ನೋ ಬಳಸುವುದು ಇದಕ್ಕಾಗಿಯೇ. ಪೊಟಾಷ್ ಮುಂತಾದ ಗೊಬ್ಬರಗಳ ಉಪ್ಪು ಸಹ ತುಕ್ಕನ್ನು ಬೇಗ ತರುವುದು. ತುಕ್ಕು ಹಿಡಿದ ಸಣ್ಣ ಕುಳಿಯಿಂದಲೇ ಪಟ್ಟಿಯ ಬಿರುಕು ಪ್ರಾರಂಭವಾಗುತ್ತದೆ. ಆದ್ದರಿಂದ ಇಂತಹ ಪದಾರ್ಥಗಳನ್ನು ಸಾಗಿಸಿದ ದಿನವೇ ಗಾಡಿಯ ಅಡಿಭಾಗವನ್ನು ಧಾರಾಳವಾದ ನೀರಿನಿಂದ ತೊಳೆದು ಒಣಗಿಸಬೇಕು. ಗ್ರೀಸು ಕೊಡುವ ಜಾಗಗಳಿಗೆ ಕಾಲಕಾಲಕ್ಕೆ ಗ್ರೀಸು ಕೊಡಬೇಕು. ರಬ್ಬರು ಬುಷ್ಷುಗಳಿಗೆ ಮಾತ್ರ ಎಣ್ಣೆ, ಗ್ರೀಸು ತಗಲಿಸಬಾರದು, ರಬ್ಬರು ಉಬ್ಬಿ ಕೆಡುವುದು.

ಸಾರಾಂಶ

(1) ನೋಂದಣಿ ಪತ್ರದಿಂದ ಹೊರೆಯ ಮಿತಿಯನ್ನು ಲೆಕ್ಕಹಾಕಿ ತೊಟ್ಟಿಯ ಮೇಲೆ ಬಣ್ಣದಲ್ಲಿ ಬರೆಯಿಸುವುದು.

(2) ಗಾಡಿ ಕುಸಿದರೆ ಕಮಾನನ್ನೂ, ಕುಣಿದರೆ ಷಾಕ್ ಅಬ್ಸಾರ್ಬರನ್ನೂ ಪರೀಕ್ಷಿಸುವುದು.

(3) ಮೊದಲು ದುರಸ್ತಿ, ಅನಂತರ ಜೋಡಿ ಷಾಕ್ ಅಬ್ಸಾರ್ಬರು, ಆಮೇಲೆ ತಯಾರಕರು ಒಪ್ಪಿದ ಸಹಾಯಕ ಕಮಾನು. ದಪ್ಪ ಪಟ್ಟಿಯ ಮಾತಿಗೆ ಸುಲಭವಾಗಿ ಒಪ್ಪದಿರುವುದು.

(4) ಕಮಾನನ್ನು ಮುಟ್ಟಿದಾಗಲೆಲ್ಲ ಬ್ರೇಕಿನ ವಾಲ್ವನ್ನು ಹೊಂದಿಸುವುದು.

(5) ಹೊರೆಯನ್ನು ತಗ್ಗಾಗಿ, ಆಕ್ಸಲುಗಳ ನಡುವೆ ಹಂಚಿ ಕಟ್ಟುವುದು. ಅದರ ಮೇಲೆ ಮನುಷ್ಯರನ್ನು ಕೂರಿಸದಿರುವುದು.

(6) ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಮ್ಮೆ, ಅಡಕೆ ಕೊಯಿಲಿಗೆ ಮುಂಚೆ ಒಮ್ಮೆ ಗಾಡಿಯ ಅಡಿಭಾಗವನ್ನು ತೊಳೆಯಿಸಿ ಪರೀಕ್ಷಿಸುವುದು.

ಹೊರೆ ಎಳೆಯುವ ಎತ್ತಿನ ಕಾಲನ್ನೂ ಹೆಗಲನ್ನೂ ದಿನವೂ ಮುಟ್ಟಿ ನೋಡುವುದು ವ್ಯವಸಾಯಗಾರರ ಹಳೆಯ ಅಭ್ಯಾಸ. ಅದೇ ಅಭ್ಯಾಸವನ್ನು ಮೋಟಾರು ಗಾಡಿಯ ವಿಷಯದಲ್ಲಿಯೂ ಇಟ್ಟುಕೊಂಡರೆ ಮಾಲು ಕೆಡದೆ ಮಾರುಕಟ್ಟೆ ಸೇರುವುದು. ಅದನ್ನು ಒಯ್ದವರೂ ಕ್ಷೇಮವಾಗಿ ಮನೆ ಸೇರುವರು.